ಗಿಟಾರಿನ ಫ್ರೆಟ್‌ಬೋರ್ಡ್: ಜಿಡ್ಡು, ಒಣಕಲು, ಬಿರುಕು — ಲಕ್ಷಣ ನೋಡಿ ದೋಷ ಗುರುತಿಸುವ ಕೈಪಿಡಿ

ಗಿಟಾರಿನ ಕತ್ತಿನ (ನೆಕ್‌ನ) ಮೇಲೆ, ತಂತಿಗಳ ಕೆಳಗೆ, ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳನ್ನು ಕೂರಿಸಿದ ಮರದ ಹಲಗೆಯೇ ಫ್ರೆಟ್‌ಬೋರ್ಡ್. ಅದರ ಬಗ್ಗೆ ಯಾವ ದೂರು ಬಂದರೂ ‘ಸ್ವಲ್ಪ ಎಣ್ಣೆ ಹಚ್ಚಿ ನೋಡಿ’ ಎಂದು ಹೇಳುವುದು ರೂಢಿಯಾಗಿಬಿಟ್ಟಿದೆ. ಆದರೆ ಇಂಥ ದೂರುಗಳಲ್ಲಿ ಬಹಳಷ್ಟಕ್ಕೆ ಎಣ್ಣೆ ಮದ್ದಲ್ಲ. ಕೊಳೆಯಿಂದ ಬಂದ ತೊಂದರೆಗೆ ಒರೆಸುವುದೇ ಪರಿಹಾರ; ಹವೆಯಿಂದ ಬಂದ ತೊಂದರೆಗೆ ಗಿಟಾರ್ ಇಡುವ ಜಾಗವನ್ನು ಬದಲಿಸಬೇಕು; ಫ್ರೆಟ್ ಸಡಿಲಾಗಿದ್ದರೆ ಅದು ರಿಪೇರಿ ಬಲ್ಲವರ ಕೈಗೆ ಹೋಗಬೇಕು. ಒಣಗಿದ ಮರ ಕಳೆದುಕೊಂಡದ್ದು ನೀರಿನ ಅಂಶವನ್ನು, ಆ ನೀರನ್ನು ಎಣ್ಣೆ ಮರಳಿ ತುಂಬುವುದಿಲ್ಲ. ಎಣ್ಣೆಯಿಂದ ಮರದ ಮೇಲ್ಮೈಗೆ ಬಣ್ಣ ಮರಳುತ್ತದೆ, ಬೆವರು ಮತ್ತು ಕೊಳೆ ಒಳಗಿಳಿಯುವುದು ಕಡಿಮೆಯಾಗುತ್ತದೆ, ತೇವ ಹೋಗಿಬರುವ ವೇಗ ತುಸು ತಗ್ಗುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬಾರದು.

ನಮ್ಮ ಭಾಗದಲ್ಲಿ ಈ ಭೇದವನ್ನು ಅರಿತಿರುವುದು ಹೆಚ್ಚು ಅಗತ್ಯ. ವಿಜಯಪುರ ಮತ್ತು ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟಿ, ಗಾಳಿಯಲ್ಲಿ ತೇವವೆಂಬುದೇ ಇರುವುದಿಲ್ಲ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೆ ಹರವಿದ ಬಟ್ಟೆಯೂ ಸರಿಯಾಗಿ ಒಣಗುವುದಿಲ್ಲ. ವಿಜಯಪುರದಲ್ಲಿ ಕೊಂಡ ಗಿಟಾರನ್ನು ಕಾಲೇಜಿಗೆಂದು ಬೆಳಗಾವಿಗೆ ಒಯ್ದವರು, ಒಂದೇ ವರ್ಷದಲ್ಲಿ ಅದೇ ಹಲಗೆಯ ಮೇಲೆ ಎರಡು ವಿರುದ್ಧ ದೋಷಗಳನ್ನು ಕಾಣುವುದು ಸಹಜ.

ಯಾವ ಪರೀಕ್ಷೆಗೂ ಮುನ್ನ: ಮರಕ್ಕೆ ಮೆರುಗಿದೆಯೋ ಇಲ್ಲವೋ

ಹಲಗೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಫ್ರೆಟ್‌ಗಳ ನಡುವಿನ ಮರ ಗಾಜಿನ ಪದರ ಹೊದ್ದಂತೆ ಹೊಳೆದು, ಉಗುರಿಗೆ ನುಣುಪಾಗಿ ಜಾರಿದರೆ ಅದಕ್ಕೆ ವಾರ್ನಿಶ್ ಅಥವಾ ಲ್ಯಾಕರ್ ಬಳಿದಿದ್ದಾರೆ. ತಿಳಿ ಹಳದಿ ಬಣ್ಣದ ಮೇಪಲ್ ಹಲಗೆಗಳು ಸಾಮಾನ್ಯವಾಗಿ ಹೀಗೆಯೇ ಇರುತ್ತವೆ. ಇವುಗಳಿಗೆ ಎಣ್ಣೆ ಬೇಡ, ಏಕೆಂದರೆ ಎಣ್ಣೆ ಒಳಗಿಳಿಯಲು ದಾರಿಯೇ ಇರುವುದಿಲ್ಲ. ಮೇಲೆ ನಿಂತು ಧೂಳನ್ನು ಹಿಡಿಯುತ್ತದೆ, ಅಷ್ಟೆ. ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣ ಬಟ್ಟೆ ಆಡಿಸಿದರೆ ಇವುಗಳ ಕೆಲಸ ಮುಗಿಯಿತು.

ಮರದ ಸಣ್ಣ ರಂಧ್ರಗಳೂ ಗೆರೆಗಳೂ ಕಣ್ಣಿಗೆ ಕಂಡು, ಹೊಳಪು ಮಂದವಾಗಿದ್ದರೆ ಅದು ಮೆರುಗಿಲ್ಲದ ಮರ. ಕಂದು ಬಣ್ಣದ್ದಾದರೆ ಹೆಚ್ಚಾಗಿ ಬೀಟೆ ಅಥವಾ ಅದನ್ನು ಹೋಲುವ ಬೇರೊಂದು ಮರ, ಕಡುಗಪ್ಪಾದರೆ ಎಬೊನಿ. ಜಗತ್ತಿನ ಅಸಂಖ್ಯ ಗಿಟಾರುಗಳ ಹಲಗೆಯಾಗಿರುವ ಭಾರತೀಯ ಬೀಟೆ ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಬೆಳೆಯುವ ಮರವೇ ಆಗಿದೆ. 2017ರಲ್ಲಿ ಈ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧ ಬಂದಾಗ ಹಲವು ತಯಾರಕರು ಬದಲಿ ಮರಗಳ ಕಡೆಗೆ ಹೊರಳಿದರು, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಆ ಅವಧಿಯ ಗಿಟಾರಿನ ಹಲಗೆ ನೋಟಕ್ಕೆ ಬೀಟೆಯಂತಿದ್ದರೂ ಬೇರೆ ಮರವಾಗಿರಬಹುದು. ಮೆರುಗಿಲ್ಲದ ಮರವಾದರೆ ಆರೈಕೆಯ ಕ್ರಮ ಒಂದೇ ಆಗಿರುವುದರಿಂದ ಈ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಗ್ಗದ ಗಿಟಾರುಗಳಲ್ಲಿ ಮಾತ್ರ ಒಂದು ಎಚ್ಚರ ಬೇಕು: ತಿಳಿ ಬಣ್ಣದ ಮರಕ್ಕೆ ಕಪ್ಪು ಬಣ್ಣ ಹಾಕಿ ಎಬೊನಿಯಂತೆ ಕಾಣಿಸಿರುತ್ತಾರೆ.

ತಂತಿಗಳನ್ನು ಬಿಚ್ಚಿಯೇ ಮುಂದಿನ ಒರೆಸುವ, ಎಣ್ಣೆ ಹಚ್ಚುವ ಕೆಲಸಗಳನ್ನು ಮಾಡಬೇಕಾದ್ದರಿಂದ, ತಂತಿ ಬದಲಿಸುವ ದಿನವನ್ನೇ ಇದಕ್ಕೆ ಆರಿಸಿಕೊಳ್ಳುವುದು ಒಳ್ಳೆಯದು. ಬಿಗಿದ ತಂತಿಯನ್ನು ಹಾಗೆಯೇ ಕತ್ತರಿಸಕೂಡದು. ತಂತಿ ಬಿಗಿಯುವ ಕೀಗಳನ್ನು ತಿರುವಿ ಪೂರ್ತಿ ಸಡಿಲಿಸಿದ ಮೇಲೆ ಕತ್ತರಿಸಬೇಕು, ಇಲ್ಲದಿದ್ದರೆ ಚಿಮ್ಮಿದ ತುದಿ ಕಣ್ಣಿಗೆ ತಗಲಬಹುದು. ಸ್ಪ್ರಿಂಗ್‌ಗಳ ಮೇಲೆ ತೇಲುವ ಬ್ರಿಡ್ಜ್ (ತಂತಿಗಳ ಕೆಳತುದಿಯನ್ನು ಹಿಡಿಯುವ ಭಾಗ) ಇರುವ ಎಲೆಕ್ಟ್ರಿಕ್ ಗಿಟಾರಿನಲ್ಲಿ ಎಲ್ಲ ತಂತಿಗಳನ್ನು ಒಮ್ಮೆಗೇ ತೆಗೆದರೆ ಬ್ರಿಡ್ಜ್ ಹಿಂದಕ್ಕೆ ಕುಸಿಯುತ್ತದೆ. ಅಲ್ಲಿ ಮರದ ಚಕ್ಕೆಯೊಂದನ್ನು ಆಧಾರ ಕೊಡಬೇಕು, ಅಥವಾ ಎರಡೆರಡೇ ತಂತಿಗಳನ್ನು ತೆಗೆದು ಕೆಲಸ ಮಾಡಬೇಕು.

ಬೆರಳು ಅಂಟುತ್ತದೆ, ಫ್ರೆಟ್‌ಗಳ ಬದಿಯಲ್ಲಿ ಕಪ್ಪು ಕಟ್ಟಿದೆ

ಎಲ್ಲಕ್ಕಿಂತ ಹೆಚ್ಚು ಕಾಣುವ, ಎಲ್ಲಕ್ಕಿಂತ ಕಡಿಮೆ ಖರ್ಚಿನಲ್ಲಿ ಹೋಗುವ ದೋಷವಿದು. ಬೆವರು, ಚರ್ಮದ ಸತ್ತ ಪದರ, ಧೂಳು ಮತ್ತು ಕೈಯ ಜಿಡ್ಡು ಸೇರಿ ಮೇಣದಂತಾಗಿ ಫ್ರೆಟ್‌ನ ಬುಡಕ್ಕೆ ಒತ್ತಿಕೊಂಡಿರುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಅದೇ ಕೈಯಲ್ಲಿ ನುಡಿಸಲು ಕೂಡುವವರ ಗಿಟಾರಿನಲ್ಲಿ ಇದು ಬೇಗ ಕಟ್ಟುತ್ತದೆ. ಕುಂದಾ ತಿಂದ ಕೈಯ ವಿಷಯವನ್ನಂತೂ ಹೇಳುವುದೇ ಬೇಡ. ಎರೆಹೊಲಗಳ ನಡುವಿನ ಊರುಗಳಲ್ಲಿ, ಸಿಮೆಂಟ್ ಕಾರ್ಖಾನೆಗಳ ಆಸುಪಾಸಿನಲ್ಲಿ ನುಣ್ಣನೆಯ ಧೂಳು ಈ ಜಿಡ್ಡಿನೊಳಗೆ ಸೇರಿ, ತಂತಿಯನ್ನೂ ಫ್ರೆಟ್‌ನ ತಲೆಯನ್ನೂ ನಿಧಾನವಾಗಿ ಸವೆಸುತ್ತದೆ. ಹೊಸ ತಂತಿ ಹಾಕಿದ ವಾರದೊಳಗೆ ನಾದ ಮಂಕಾಗುತ್ತಿದ್ದರೆ ತಂತಿಯನ್ನು ದೂರುವ ಮೊದಲು ಹಲಗೆಯನ್ನು ನೋಡಬೇಕು.

ಮೊದಲು ಒಣ ಬಟ್ಟೆಯಿಂದ ಒರೆಸಬೇಕು. ಪದೇಪದೇ ಒಗೆದು ಮೆತ್ತಗಾದ ಹಳೆಯ ಧೋತರದ ತುಂಡು ಇದಕ್ಕೆ ಅತ್ಯುತ್ತಮ. ಅದರಿಂದ ಹೋಗದಿದ್ದರೆ ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚನ್ನು ಫ್ರೆಟ್‌ಗೆ ಆನಿಸಿ, ಮರಕ್ಕೆ ಸುಮಾರು ಅರ್ಧ ಲಂಬ ಕೋನದಲ್ಲಿ ಹಿಡಿದು, ಫ್ರೆಟ್‌ನ ಉದ್ದಕ್ಕೆ ನಿಧಾನವಾಗಿ ಎಳೆಯಬೇಕು. ಕೊಳೆಯಾಗಿದ್ದರೆ ಅದು ಕಪ್ಪು ಸುರುಳಿಯಾಗಿ ಎದ್ದು ಕಾರ್ಡಿನ ತುದಿಗೆ ಸೇರುತ್ತದೆ, ಅದರ ಕೆಳಗೆ ಮರದ ನಿಜವಾದ ಬಣ್ಣದ ಸಣ್ಣ ಪಟ್ಟಿ ಕಾಣಿಸುತ್ತದೆ. ಬ್ಲೇಡು, ಚಾಕು, ಸ್ಕ್ರೂಡ್ರೈವರುಗಳನ್ನು ಬಳಸಬಾರದು, ಅವುಗಳಿಂದ ಬಿದ್ದ ಗೀರು ಹೋಗುವುದಿಲ್ಲ.

ಇನ್ನೂ ಉಳಿದ ಕೊಳೆಗೆ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆ ಅಥವಾ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸಾಕು. ನೀರು ಫ್ರೆಟ್‌ನ ಸೀಳಿನೊಳಗೆ ಇಳಿಯದಂತೆ ಒಂದೆರಡು ಫ್ರೆಟ್‌ಗಳನ್ನಷ್ಟೇ ಒಮ್ಮೆಗೆ ತೆಗೆದುಕೊಂಡು, ತಕ್ಷಣ ಒಣಗಿಸುತ್ತ ಹೋಗಬೇಕು. ಲೈಟರಿಗೆ ತುಂಬುವ ನಾಫ್ತಾ ದ್ರವವು ಹಟಮಾರಿ ಜಿಡ್ಡನ್ನು ಚೆನ್ನಾಗಿ ಕರಗಿಸುತ್ತದೆ, ಮರವನ್ನು ನೆನೆಸುವುದೂ ಇಲ್ಲ. ಆದರೆ ಅದು ಥಟ್ಟನೆ ಹೊತ್ತಿಕೊಳ್ಳುವ ದ್ರವ. ಅಡುಗೆಮನೆಯ ಹತ್ತಿರವಾಗಲಿ, ದೇವರ ದೀಪ ಉರಿಯುವ ಕೋಣೆಯಲ್ಲಾಗಲಿ ಅದರ ಮುಚ್ಚಳ ತೆರೆಯಬಾರದು. ಕಿಟಕಿ ತೆರೆದಿಟ್ಟು, ಬಟ್ಟೆಗೆ ಕೆಲವೇ ಹನಿ ಹಾಕಿಕೊಂಡು ಒರೆಸಬೇಕು.

ತೀರ ನುಣುಪಾದ ಸ್ಟೀಲ್ ವೂಲ್‌ನಿಂದ, ಅಂದರೆ ನಾಲ್ಕು ಸೊನ್ನೆಯ ದರ್ಜೆಯದರಿಂದ ಉಜ್ಜುವ ಪದ್ಧತಿಯೂ ಇದೆ. ಫಲ ಒಳ್ಳೆಯದೇ. ಆದರೆ ಎಲೆಕ್ಟ್ರಿಕ್ ಗಿಟಾರಿನಲ್ಲಿ ಅದರ ಕಬ್ಬಿಣದ ಪುಡಿ, ತಂತಿಯ ಕಂಪನವನ್ನು ಹಿಡಿಯುವ ಪಿಕಪ್‌ಗಳ ಅಯಸ್ಕಾಂತಕ್ಕೆ ಅಂಟಿ ಕೂಡುವುದರಿಂದ, ಪಿಕಪ್‌ಗಳನ್ನು ಮಾಸ್ಕಿಂಗ್ ಟೇಪಿನಿಂದ ಪೂರ್ತಿ ಮುಚ್ಚದೆ ಈ ಕೆಲಸಕ್ಕೆ ಕೈಹಾಕಬಾರದು. ಪಾತ್ರೆ ತಿಕ್ಕುವ ಸ್ಟೀಲ್ ಉಂಡೆ ಇದಕ್ಕೆ ಬದಲಿಯಲ್ಲ, ಅದು ಮರವನ್ನು ಕೆತ್ತಿಬಿಡುತ್ತದೆ.

ಒರೆಸಿದಷ್ಟೂ ಬಟ್ಟೆಗೆ ಕಪ್ಪು ಬರುತ್ತಲೇ ಇದೆ

ಇಲ್ಲಿ ಎರಡು ಸಾಧ್ಯತೆಗಳಿವೆ. ಬಟ್ಟೆಯ ಮೇಲಿನ ಕಲೆ ಜಿಡ್ಡಾಗಿ, ಕಂದುಬೂದು ಬಣ್ಣದ್ದಾಗಿದ್ದು, ಮೂರನೆಯ ನಾಲ್ಕನೆಯ ಬಾರಿಗೆ ತಿಳಿಯಾಗುತ್ತ ಬಂದರೆ ಅದು ಕೊಳೆ. ಕಲೆ ಶಾಯಿಯಂತೆ ಅಚ್ಚಗಪ್ಪಾಗಿದ್ದು ಕಡಿಮೆಯಾಗದಿದ್ದರೆ, ಮತ್ತು ಬೆರಳು ಹೆಚ್ಚು ಆಡುವ ಮೊದಲ ಐದಾರು ಫ್ರೆಟ್‌ಗಳಲ್ಲಿ ಮರ ತಿಳಿ ಬಣ್ಣಕ್ಕೆ ತಿರುಗಿದ್ದರೆ, ಬರುತ್ತಿರುವುದು ತಯಾರಕರು ಹಾಕಿದ ಬಣ್ಣ. ಸ್ಪಿರಿಟ್ ಮತ್ತು ಐಸೊಪ್ರೊಪಿಲ್ ಆಲ್ಕೋಹಾಲ್‌ಗಳು ಈ ಬಣ್ಣವನ್ನು ಬೇಗ ಕಿತ್ತು ತರುತ್ತವೆ. ಗಿಟಾರಿನ ಮೈಗೆ ಬಳಿದ ಮೆರುಗಿಗೂ ಅವುಗಳ ಹನಿ ಹಾನಿಕರ. ಬಣ್ಣವೆಂದು ಖಚಿತವಾದ ಕೂಡಲೇ ಒರೆಸುವುದನ್ನು ನಿಲ್ಲಿಸಿ, ಒಣ ಬಟ್ಟೆಯಲ್ಲೇ ತೃಪ್ತರಾಗಬೇಕು. ವಾದ್ಯದ ನಾದಕ್ಕೆ ಇದರಿಂದ ಯಾವ ಕುಂದೂ ಇಲ್ಲ.

ಮರ ಬೂದು ಬಣ್ಣಕ್ಕೆ ತಿರುಗಿದೆ, ಒರಟಾಗಿದೆ

ಒಣಕಲನ್ನು ನಿರ್ಣಯಿಸುವ ಮೊದಲು ಮೇಲೆ ಹೇಳಿದಂತೆ ಕೊಳೆ ತೆಗೆದಿರಲೇಬೇಕು, ಏಕೆಂದರೆ ಧೂಳು ತುಂಬಿದ ರಂಧ್ರಗಳೂ ದೂರದಿಂದ ಬೂದಾಗಿಯೇ ಕಾಣುತ್ತವೆ. ಸ್ವಚ್ಛವಾದ ಮೇಲೂ ಬಣ್ಣ ಸತ್ತಂತಿದ್ದರೆ ಕೊನೆಯ ಫ್ರೆಟ್‌ನ ಆಚೆ, ಬೆರಳು ಹೋಗದ ಕಡೆ, ಒಂದು ಹನಿ ಎಣ್ಣೆ ಇಟ್ಟು ನೋಡುವುದು ಅಗ್ಗದ ಪರೀಕ್ಷೆ. ಹನಿ ಒಂದು ನಿಮಿಷದೊಳಗೆ ಹೀರಿಕೊಂಡು ಆ ಜಾಗ ಕಪ್ಪಾಗಿ ಉಳಿದರೆ ಮರಕ್ಕೆ ಎಣ್ಣೆ ಬೇಕಾಗಿದೆ. ಐದು ನಿಮಿಷವಾದರೂ ಹನಿ ಹೊಳೆಯುತ್ತ ಕುಳಿತಿದ್ದರೆ ಬೇಕಾಗಿಲ್ಲ, ಒರೆಸಿ ತೆಗೆದುಬಿಡಬೇಕು. ಎಬೊನಿ ಸಾಂದ್ರವಾದ ಮರವಾದ್ದರಿಂದ ನಿಧಾನವಾಗಿ ಹೀರುತ್ತದೆ, ಅದಕ್ಕೆ ತುಸು ಹೆಚ್ಚು ಹೊತ್ತು ಕೊಡಬೇಕು.

ಯಾವ ಎಣ್ಣೆ ಎಂಬಲ್ಲಿಯೇ ಹೆಚ್ಚಿನ ಗಿಟಾರುಗಳು ಕೆಡುವುದು. ಅಂಗಡಿಯಲ್ಲಿ ಫ್ರೆಟ್‌ಬೋರ್ಡಿಗೆಂದು ಸಿಗುವ ಲೆಮನ್ ಆಯಿಲ್‌ಗಳಲ್ಲಿ ಬಹುಪಾಲು ಇರುವುದು ಮಿನರಲ್ ಆಯಿಲ್ (ಪೆಟ್ರೋಲಿಯಂನಿಂದ ತೆಗೆದ ಬಣ್ಣವಿಲ್ಲದ ಎಣ್ಣೆ), ಜೊತೆಗೆ ನಿಂಬೆಯ ಪರಿಮಳ. ಔಷಧ ಅಂಗಡಿಯಲ್ಲಿ ದೊರೆಯುವ ಶುದ್ಧ ಲಿಕ್ವಿಡ್ ಪ್ಯಾರಾಫಿನ್ ಕೂಡ ಮಿನರಲ್ ಆಯಿಲ್ಲೇ. ಅದು ಕೊಳೆಯುವುದಿಲ್ಲ, ಗಟ್ಟಿಯಾಗುವುದಿಲ್ಲ, ಬೆಲೆಯೂ ಕಡಿಮೆ. ಮಲಬದ್ಧತೆಗೆಂದು ಬೇರೆ ಔಷಧಗಳನ್ನು ಬೆರೆಸಿ ಮಾರುವ ಬಿಳಿ ದ್ರವವನ್ನು ಮಾತ್ರ ತರಬಾರದು. ಮನೆಯ ನಿಂಬೆಹಣ್ಣನ್ನು ಹಿಂಡಿ ಉಜ್ಜುವವರೂ ಇದ್ದಾರೆ. ಆ ರಸ ಆಮ್ಲವಾದ್ದರಿಂದ ಫ್ರೆಟ್‌ಗಳ ಲೋಹವನ್ನು ತಿನ್ನುತ್ತದೆ.

ನಮ್ಮ ಕಡೆಯ ದೊಡ್ಡ ಪ್ರಲೋಭನೆ ಎಂದರೆ ಅಡುಗೆಮನೆಯ ಕುಸುಬಿ ಎಣ್ಣೆ. ಗಾಣದಿಂದ ತಂದ ಶುದ್ಧ ಎಣ್ಣೆ ಮರಕ್ಕೆ ಒಳ್ಳೆಯದೇ ಇರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಕುಸುಬಿ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಗಟ್ಟಿಯಾಗುವ ಜಾತಿಯದು. ಚಿತ್ರಕಾರರು ಅದನ್ನು ತೈಲವರ್ಣದಲ್ಲಿ ಬಳಸುವುದೂ ಈ ಗುಣಕ್ಕಾಗಿಯೇ. ಫ್ರೆಟ್‌ಬೋರ್ಡಿನ ಮೇಲೆ ಅದು ಮೊದಲ ದಿನ ಚೆಂದ ಕಂಡು, ಕೆಲವು ವಾರಗಳಲ್ಲಿ ಅಂಟಂಟಾದ ಪದರವಾಗುತ್ತದೆ. ಶೇಂಗಾ ಮತ್ತು ಕೊಬ್ಬರಿ ಎಣ್ಣೆಗಳು ಹಾಗೆ ಗಟ್ಟಿಯಾಗದಿದ್ದರೂ ಕಾಲಕ್ರಮೇಣ ಕಮಟು ವಾಸನೆ ಹಿಡಿಯುತ್ತವೆ.

ಹಚ್ಚುವ ಕ್ರಮ ಸರಳವಾಗಿದೆ. ಎಣ್ಣೆಯನ್ನು ನೇರವಾಗಿ ಹಲಗೆಯ ಮೇಲೆ ಸುರಿಯದೆ ಬಟ್ಟೆಗೆ ಹಾಕಿಕೊಂಡು, ಮರದ ಗೆರೆಯ ದಿಕ್ಕಿನಲ್ಲಿ ತೆಳುವಾಗಿ ಸವರಬೇಕು. ಇಡೀ ಹಲಗೆಗೆ ಅರ್ಧ ಚಹಾ ಚಮಚ ಕೂಡ ಬೇಕಾಗುವುದಿಲ್ಲ. ಹತ್ತು ನಿಮಿಷ ಬಿಟ್ಟು, ಬೆರಳಿಗೆ ಜಿಡ್ಡು ಸಿಗದಂತಾಗುವವರೆಗೆ ಒಣ ಬಟ್ಟೆಯಿಂದ ಒರೆಸಬೇಕು. ವರ್ಷಕ್ಕೊಮ್ಮೆ ಸಾಕು. ವಿಜಯಪುರದ ಬೇಸಿಗೆ ಕಂಡ ಗಿಟಾರಿಗೆ ಎರಡು ಸಲ ಹಚ್ಚಿದರೂ ತಪ್ಪಿಲ್ಲ, ಪ್ರತಿ ಬಾರಿ ತಂತಿ ಬದಲಿಸಿದಾಗಲೂ ಹಚ್ಚುವುದು ಅತಿಯಾಯಿತು.

ಅಗಸೆ ಎಣ್ಣೆಯ ಬಗ್ಗೆ ಪ್ರತ್ಯೇಕ ಎಚ್ಚರಿಕೆ ಬೇಕು. ಬಡಗಿಗಳು ಬಳಸುವ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್ ಗಟ್ಟಿಯಾಗುವಾಗ ಶಾಖ ಬಿಡುತ್ತದೆ. ಅದರಲ್ಲಿ ಅದ್ದಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಯಾರೂ ಕಡ್ಡಿ ಗೀರದೆಯೇ ಬೆಂಕಿ ಹತ್ತಿಕೊಳ್ಳಬಲ್ಲದು, ವಿಜಯಪುರದ ಮೇ ತಿಂಗಳಲ್ಲಿ ಆ ಅಪಾಯ ಇನ್ನೂ ಹೆಚ್ಚು. ಬಳಸಿದವರು ಬಟ್ಟೆಯನ್ನು ಹೊರಗೆ ಬಿಡಿಯಾಗಿ ಹರವಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು.

ಎಣ್ಣೆ ಹಚ್ಚಿದ ಮೇಲೆ ಹಲಗೆ ಅಂಟಂಟಾಗಿದೆ

ಹೆಚ್ಚಾಗಿ ಇದು ಒರೆಸಿ ತೆಗೆಯದೆ ಉಳಿದ ಎಣ್ಣೆ. ಒಣ ಬಟ್ಟೆಯಿಂದ ಉಜ್ಜಿ ರಾತ್ರಿಯಿಡೀ ಬಿಟ್ಟು ನೋಡಬೇಕು. ಬೆಳಗ್ಗೆಯೂ ಬೆರಳು ಹಿಡಿದರೆ ಅಡುಗೆ ಎಣ್ಣೆಯ ಪದರವಿರಬಹುದು. ನಾಫ್ತಾದ ಕೆಲವು ಹನಿಗಳಿಂದ ಒಂದೊಂದೇ ಅಂಕಣವನ್ನು (ಎರಡು ಫ್ರೆಟ್‌ಗಳ ನಡುವಿನ ಜಾಗವನ್ನು) ಒರೆಸಿದರೆ ಸಾಮಾನ್ಯವಾಗಿ ಬಿಡುತ್ತದೆ. ಅದರ ಮೇಲೆಯೇ ಮತ್ತೊಂದು ಎಣ್ಣೆ ಹಚ್ಚಿ ಸರಿಪಡಿಸಲು ಹೋಗಬಾರದು.

ಕೈ ಜಾರಿಸಿದರೆ ನೆಕ್‌ನ ಅಂಚು ಚುಚ್ಚುತ್ತದೆ

ಜನವರಿಯಲ್ಲಿ ಸರಿಯಾಗಿದ್ದ ಗಿಟಾರ್ ಏಪ್ರಿಲ್‌ನಲ್ಲಿ ಚುಚ್ಚಲು ತೊಡಗಿದರೆ ಫ್ರೆಟ್‌ಗಳು ಬೆಳೆದಿಲ್ಲ, ಮರ ಕುಗ್ಗಿದೆ. ತೇವ ಕಳೆದುಕೊಂಡ ಮರ ಉದ್ದದಲ್ಲಿ ಬಹುತೇಕ ಬದಲಾಗದೆ ಅಗಲದಲ್ಲಿ ಕುಗ್ಗುತ್ತದೆ, ಲೋಹದ ಫ್ರೆಟ್ ಇದ್ದಷ್ಟೇ ಇರುತ್ತದೆ. ಆದ್ದರಿಂದ ಅದರ ತುದಿಗಳು ಎರಡೂ ಅಂಚಿನಲ್ಲಿ ಕೂದಲೆಳೆಯಷ್ಟು ಹೊರಬರುತ್ತವೆ. ಇಲ್ಲಿ ಎಣ್ಣೆ ನಿರುಪಯೋಗಿ. ಇದರ ಜೊತೆಗೆ ಅಕೌಸ್ಟಿಕ್ (ಟೊಳ್ಳು ಮೈಯ, ವಿದ್ಯುತ್ ಬೇಡದ) ಗಿಟಾರಿನ ಮೇಲ್ಮೈ ಹಲಗೆ ತಗ್ಗಿ, ತಂತಿಗಳು ಕೆಳಗಿಳಿದು ಝುಂಯ್‌ಗುಟ್ಟುತ್ತಿದ್ದರೆ, ಇಡೀ ವಾದ್ಯವೇ ಒಣಗಿದೆ ಎಂದು ತಿಳಿಯಬೇಕು.

ಗಿಟಾರಿಗೆ ಹಿತವಾದ ಗಾಳಿಯ ತೇವಾಂಶ ಶೇ. 45ರಿಂದ 55. ತೇವಾಂಶ ಅಳೆಯುವ ಚಿಕ್ಕದೊಂದು ಡಿಜಿಟಲ್ ಹೈಗ್ರೋಮೀಟರನ್ನು ಕೇಸಿನೊಳಗಿಟ್ಟರೆ ಊಹೆಯ ಮಾತೇ ಉಳಿಯುವುದಿಲ್ಲ. ತೇವ ಕಡಿಮೆಯಿದ್ದರೆ, ತೂತು ಕೊರೆದ ಪ್ಲಾಸ್ಟಿಕ್ ಸೋಪಿನ ಡಬ್ಬಿಯೊಳಗೆ ನೀರು ಹನಿಯದಂತೆ ಹಿಂಡಿದ ಸ್ಪಂಜನ್ನು ಇಟ್ಟು, ಅದನ್ನು ಮುಚ್ಚಿದ ಗಟ್ಟಿ ಕೇಸಿನಲ್ಲಿ ಹೆಡ್‌ಸ್ಟಾಕ್‌ನ (ಕೀಗಳಿರುವ ತುದಿಯ) ಬಳಿ ಇಟ್ಟು ವಾರವೆರಡು ವಾರ ಕಾಯಬೇಕು. ಮರ ತೇವ ಹೀರಿ ಅಗಲಿಸಿದಂತೆ ಚುಚ್ಚುವಿಕೆ ತಾನಾಗಿ ಇಳಿಯುತ್ತದೆ. ಏರ್ ಕೂಲರ್ ಇದ್ದ ಕೋಣೆಯಲ್ಲಿ ತೇವ ಹೇಗೂ ಇರುತ್ತದೆಂದು ಗಿಟಾರನ್ನು ಅದರ ಎದುರಿಗೇ ಗೋಡೆಗೆ ತೂಗುಹಾಕುವುದು ಸರಿಯಲ್ಲ. ಕೂಲರ್ ಹಚ್ಚಿದಾಗ ಹಸಿ ಗಾಳಿ, ಆರಿಸಿದಾಗ ಒಣ ಗಾಳಿ, ಹೀಗೆ ಪ್ರತಿದಿನ ಹಿಗ್ಗಿ ಕುಗ್ಗುವ ಮರ ಬೇಗ ಬಿರಿಯುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟರಂತೂ ಅಂಟಿನ ಬೆಸುಗೆಗಳೇ ಸಡಿಲಾಗಬಹುದು.

ತೇವಾಂಶ ಸರಿಯಾದ ಮೇಲೂ ಚುಚ್ಚುತ್ತಿದ್ದರೆ ತುದಿಗಳನ್ನು ಅರದಿಂದ ತಿಕ್ಕಬೇಕಾಗುತ್ತದೆ. ಅದು ರಿಪೇರಿಯವರ ಕೆಲಸ. ಮರ ಕುಗ್ಗಿರುವಾಗ ತಿಕ್ಕಿಸುವ ಆತುರವೂ ಬೇಡ, ಮೊದಲು ಮರ ತನ್ನ ಅಳತೆಗೆ ಬರಲಿ.

ಮಳೆಗಾಲದಲ್ಲಿ ಬಿಳಿ ಪುಡಿ, ಮುಗ್ಗಲು ವಾಸನೆ

ಬೆಳಗಾವಿಯಲ್ಲಿ ಜುಲೈ ಹೊತ್ತಿಗೆ ಕೇಸು ತೆರೆದಾಗ ಹಲಗೆಯ ಮೇಲೆ ಬಿಳಿಯ ಅಥವಾ ಹಸಿರುಬೂದು ಬಣ್ಣದ ಹತ್ತಿಯಂಥ ಚುಕ್ಕೆಗಳು ಕಂಡರೆ ಅದು ಬೂಷ್ಟು. ಬೆವರಿನ ಜಿಡ್ಡು ಇದ್ದಲ್ಲಿ ಅದು ಮೊದಲು ಹತ್ತುತ್ತದೆ. ಗಿಟಾರನ್ನು ಹೊರಗೆ ತಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಎಸೆಯಬೇಕು. ದಮ್ಮು ಇರುವವರು ಈ ಕೆಲಸವನ್ನು ಬೇರೆಯವರಿಗೆ ಒಪ್ಪಿಸಬೇಕು. ಬಣ್ಣವನ್ನಾಗಲಿ ಮೆರುಗನ್ನಾಗಲಿ ಹಾಕದ ಮರವಾದರೆ ಐಸೊಪ್ರೊಪಿಲ್ ಆಲ್ಕೋಹಾಲ್ ಸೋಕಿಸಿದ ಬಟ್ಟೆಯಿಂದ ಇನ್ನೊಮ್ಮೆ ಹಗುರಾಗಿ ಒರೆಸಬಹುದು. ಕೇಸಿನ ಒಳಬಟ್ಟೆಯಲ್ಲಿ ಬೂಷ್ಟು ಉಳಿದರೆ ಅದು ಮತ್ತೆ ಬರುವುದರಿಂದ ಕೇಸನ್ನೂ ಬಿಸಿಲಿಗೆ ಹಾಕಬೇಕು, ಗಿಟಾರನ್ನು ಹಾಕಬಾರದು. ಮಳೆ ಬಡಿಯುವ ಹೊರಗೋಡೆಗೆ ಒರಗಿಸಿಡದೆ ಒಳಗೋಡೆಯ ಬಳಿ ಇಟ್ಟು, ಕೇಸಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ, ಬೇಸಿಗೆ ಬಂದೊಡನೆ ತೆಗೆದುಬಿಡಬೇಕು. ಮಳೆಗಾಲದಲ್ಲಿ ಎಣ್ಣೆ ಹಚ್ಚುವ ಅಗತ್ಯ ಬೀಳುವುದಿಲ್ಲ.

ಇದೇ ಕಾಲದಲ್ಲಿ ಫ್ರೆಟ್‌ಗಳ ಬದಿಗೆ ಹಸಿರು ಕಟ್ಟುವುದೂ ಉಂಟು. ಫ್ರೆಟ್‌ನ ಲೋಹದಲ್ಲಿ ತಾಮ್ರದ ಪಾಲು ದೊಡ್ಡದು, ಬೆವರಿನ ಉಪ್ಪು ತಗಲಿ ಕಿಲುಬು ಹಿಡಿಯುತ್ತದೆ. ಕಾರ್ಡಿನಿಂದ ಕೆರೆದು ತೆಗೆದು, ಹಲಗೆಗೆ ಟೇಪು ಹಚ್ಚಿ ಮರೆಮಾಡಿ ಫ್ರೆಟ್‌ಗಳನ್ನಷ್ಟೇ ಲೋಹದ ಪಾಲಿಶ್‌ನಿಂದ ಉಜ್ಜಿದರೆ ಹೋಗುತ್ತದೆ. ಪಿತಾಂಬರಿ, ಹುಣಸೆಹಣ್ಣುಗಳನ್ನು ಮರದ ಹತ್ತಿರ ತರಬಾರದು.

ಸ್ವಚ್ಛ ಮಾಡಿದ ಮೇಲೂ ಒಂದು ಸ್ಥಳದಲ್ಲಿ ಝುಂಯ್ ಎನ್ನುತ್ತದೆ

ಒಂದೇ ಫ್ರೆಟ್‌ನ ಬಳಿ ಮಾತ್ರ ಸದ್ದು ಬರುತ್ತಿದ್ದರೆ ಅದರ ಮುಂದಿನ ಫ್ರೆಟ್ ಎದ್ದಿರಬಹುದು. ಕಾರ್ಡಿನ ನೇರ ಅಂಚನ್ನು ಅಕ್ಕಪಕ್ಕದ ಮೂರು ಫ್ರೆಟ್‌ಗಳ ಮೇಲೆ ನಿಲ್ಲಿಸಿ ಅಲ್ಲಾಡಿಸಿ ನೋಡಬೇಕು. ಸರಿಯಾಗಿದ್ದರೆ ಅಂಚು ಅಲುಗದೆ ಕೂಡುತ್ತದೆ, ನಡುವಿನದು ಎತ್ತರವಾಗಿದ್ದರೆ ತಕ್ಕಡಿಯಂತೆ ತೂಗುತ್ತದೆ. ಮರದ ಕಡ್ಡಿಯಿಂದ ಆ ಫ್ರೆಟ್‌ನ ತುದಿಯನ್ನು ಒತ್ತಿ ಹಿಡಿದಾಗ ಸದ್ದು ನಿಂತರೆ ಫ್ರೆಟ್ ತನ್ನ ಸೀಳಿನಿಂದ ಸಡಿಲಾಗಿದೆ. ಪರೀಕ್ಷೆಯನ್ನು ಇಲ್ಲಿಗೇ ನಿಲ್ಲಿಸಬೇಕು, ಸುತ್ತಿಗೆಯಿಂದ ಬಡಿದರೆ ಅದು ಇನ್ನೊಂದು ತುದಿಯಲ್ಲಿ ಏಳಬಹುದು. ಹಲವು ಫ್ರೆಟ್‌ಗಳಲ್ಲಿ ಸದ್ದಿದ್ದರೆ ನೆಕ್‌ನ ಬಾಗು ಬದಲಾಗಿರುವ ಸಂಭವ ಹೆಚ್ಚು. ನೆಕ್‌ನ ಒಳಗಿದ್ದು ಅದರ ಬಾಗನ್ನು ಸರಿಪಡಿಸುವ ಲೋಹದ ಸರಳು, ಅಂದರೆ ಟ್ರಸ್ ರಾಡ್ ತಿರುವುವ ಮುನ್ನ ತೇವಾಂಶವನ್ನು ಸರಿಪಡಿಸಿ ನೋಡಬೇಕು, ಬಲವಂತವಾಗಿ ತಿರುವಿದ ರಾಡ್ ತುಂಡಾದರೆ ಆ ರಿಪೇರಿಯ ವೆಚ್ಚ ಅಗ್ಗದ ಗಿಟಾರಿನ ಬೆಲೆಯನ್ನೇ ಮೀರಬಹುದು.

ಮರದಲ್ಲಿ ಗೆರೆ ಬಿದ್ದಿದೆ

ಮರದ ಸಹಜ ಗೆರೆಯೋ ಬಿರುಕೋ ಎಂಬುದನ್ನು ಉಗುರು ಹೇಳುತ್ತದೆ. ಅಡ್ಡಲಾಗಿ ಎಳೆದಾಗ ಉಗುರು ಸಿಕ್ಕಿಕೊಳ್ಳದಿದ್ದರೆ ಚಿಂತೆಯಿಲ್ಲ. ಸಿಕ್ಕಿಕೊಂಡರೆ, ಅಥವಾ ಗೆರೆ ಒಂದು ಫ್ರೆಟ್ ದಾಟಿ ಮುಂದಿನ ಅಂಕಣಕ್ಕೆ ಹೋಗಿದ್ದರೆ, ಅದು ಬಿರುಕು. ಎಬೊನಿ ಇದಕ್ಕೆ ಹೆಚ್ಚು ಗುರಿಯಾಗುವ ಮರ. ಬಿರುಕಿಗೆ ಎಣ್ಣೆ ಹಚ್ಚಲೇಬಾರದು, ಏಕೆಂದರೆ ಎಣ್ಣೆ ಕುಡಿದ ಮರಕ್ಕೆ ಆಮೇಲೆ ಅಂಟು ಹಿಡಿಯುವುದಿಲ್ಲ. ಸೂಪರ್ ಗ್ಲೂ ಸುರಿದು ಮುಚ್ಚುವುದೂ ಬೇಡ. ಹಲಗೆಯ ಅಂಚು ನೆಕ್‌ನಿಂದ ಬಿಟ್ಟು, ನಡುವೆ ಕಾಗದ ತೂರುವಂತಿದ್ದರೂ ಇದೇ ನಿಯಮ. ತಂತಿಗಳನ್ನು ಸಡಿಲಿಸಿ, ಕೇಸಿನಲ್ಲಿಟ್ಟು, ರಿಪೇರಿಗೆ ಒಯ್ಯಬೇಕು.

ಒಯ್ಯುವುದು ಯಾರ ಬಳಿಗೆ ಎಂಬ ಪ್ರಶ್ನೆಯೂ ಇದೆ. ಬೆಳಗಾವಿಯಿಂದ ರೈಲು ಹತ್ತಿದರೆ ಸಿಗುವ ಮಿರಜ್ ಸಿತಾರ್, ತಂಬೂರಿಗಳ ತಯಾರಿಕೆಗೆ ಹೆಸರಾದ ಊರು, ಅಲ್ಲಿಯ ಕುಶಲಕರ್ಮಿಗಳ ಮರದ ಕೈಚಳಕ ಪ್ರಶ್ನಾತೀತ. ಆದರೂ ಸಿತಾರಿನ ಪರದೆಗಳು ದಾರದಿಂದ ಕಟ್ಟಿದವು, ಸರಿಸಬಹುದಾದವು; ಗಿಟಾರಿನ ಫ್ರೆಟ್‌ಗಳು ಮರದ ಸೀಳಿಗೆ ಬಡಿದು ಕೂರಿಸಿದವು. ಸಿತಾರ್ ಬಲ್ಲವರೆಲ್ಲ ಗಿಟಾರ್ ಬಲ್ಲವರೆಂದು ಭಾವಿಸದೆ, ಫ್ರೆಟ್ ಬದಲಿಸಿದ ಗಿಟಾರೊಂದನ್ನು ತೋರಿಸುವಂತೆ ಕೇಳಿ, ಅದರ ಅಂಚಿನ ಮೇಲೆ ಕೈ ಜಾರಿಸಿ ನೋಡಿ ಒಪ್ಪಿಸಬೇಕು. ಒಪ್ಪಿಸುವಾಗ ಹಿಂದೆ ಹಲಗೆಗೆ ಯಾವ ಎಣ್ಣೆ ಹಚ್ಚಲಾಗಿತ್ತು, ಗಿಟಾರ್ ಕಳೆದ ಬೇಸಿಗೆಯನ್ನು ಯಾವ ಊರಿನಲ್ಲಿ ಕಳೆಯಿತು ಎಂಬ ಎರಡು ಸಂಗತಿಗಳನ್ನು ಮುಚ್ಚಿಡದೆ ತಿಳಿಸಬೇಕು. ಅಂಟು ಹಾಕುವ ಮುನ್ನ ಮರದಿಂದ ಎಣ್ಣೆ ತೆಗೆಯಬೇಕೇ, ತೇವ ಕೂಡಿಸಬೇಕೇ ಎಂಬುದನ್ನು ಅವರು ಅದರ ಮೇಲೆಯೇ ತೀರ್ಮಾನಿಸುತ್ತಾರೆ.